ನೀರು ಹೊತ್ತವನು, ಮರ ಹೊತ್ತವನು

ಅವರು ಕ್ಷಮೆ ಕೇಳಲಿಲ್ಲ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ, ಇದನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಚರ್ಚಿನ ಬೀರುವಿನಲ್ಲಿ ಒಂದು ಕಾಗದವಿದೆ. ಅವರು ಕ್ಷಮೆ ಕೇಳಿದರೆಂದು ಅದು ಹೇಳುತ್ತದೆ. ಕೆಳಗೆ ಅವರ ರುಜುವೂ ಇದೆ. ಆ ಕಾಗದವನ್ನು ನಂಬಿಕೊಂಡು ಹೋದ ತಿಂಗಳು, ಅವರನ್ನು ಮಣ್ಣು ಮಾಡುವ ದಿನ, ಅವರ ಬಗ್ಗೆ ನಾಲ್ಕು ಮಾತು ಓದಿದರು. ಕಾಗದದ ಅಕ್ಷರ ಯಾರದೆಂದು ನನಗೆ ಗೊತ್ತು. ನನ್ನದು.

ಅವರ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳದವರಿಗೆ ನಾನು ಈಗ ಅಚ್ಚು ಹಾಕಿಸಿ ಕೊಡಬೇಕಾಗಿಲ್ಲ. ಮೈಸೂರು ಮೈನ್ಸಿನ ಲೈನುಗಳಲ್ಲಿ ಎಲ್ಲರಿಗೂ ಅವರು ಬಿಲ್ಲೆ ಮಾಮ. ಲೈನು ಎಂದರೆ ಚಿನ್ನದ ಗಣಿ ಕೆಲಸದವರ ಸಾಲುಮನೆ. ತಗಡಿನ ಸೂರು, ಎರಡು ಮನೆಗೆ ನಡುವೆ ಒಂದೇ ಗೋಡೆ. ಗಣಿಯ ಶಾಫ್ಟಿನ ಬಾಯಿಯ ಪಕ್ಕದಲ್ಲಿ ಕಿಟಕಿಯಿರುವ ಒಂದು ಸಣ್ಣ ಕೋಣೆ. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಕಿಟಕಿಯಲ್ಲಿ ಕೊಟ್ಟು ಇಳಿಯಬೇಕು. ಒಳಗಿರುವವರು ಅದನ್ನು ಹಲಗೆಯ ಮೊಳೆಗೆ ತೂಗುಹಾಕುತ್ತಾರೆ. ಮೇಲೆ ಬಂದವನು ತನ್ನ ಬಿಲ್ಲೆ ಇಸಿದುಕೊಂಡು ಮನೆಗೆ ಹೋಗುತ್ತಾನೆ. ಶಿಫ್ಟು ಮುಗಿದ ಮೇಲೂ ಮೊಳೆಯಲ್ಲಿ ಬಿಲ್ಲೆ ಉಳಿದಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದರ್ಥ. ಆ ಹಲಗೆಯನ್ನು ಕಾಯುವುದು ಅವರ ಕೆಲಸ. ಮೊದಲು ಅವರೂ ಕೆಳಗೇ ಇದ್ದವರು. ಕಲ್ಲು ಜಾರಿ ಬಲಗೈಯ ನಡುವಿನ ಎರಡು ಬೆರಳು ಹೋದ ಮೇಲೆ ಆ ಕೋಣೆಗೆ ಹಾಕಿದ್ದರು. ಶನಿವಾರ ಶನಿವಾರ ಬಿಲ್ಲೆಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಅವರ ಕೈ ಯಾವಾಗಲೂ ಹುಣಿಸೆಯ ವಾಸನೆ.

ಒಂದು ಮಧ್ಯಾಹ್ನದ ಕಥೆಯನ್ನು ಲೈನಿನವರು ನಗುನಗುತ್ತಾ ಹೇಳುವುದುಂಟು. ಶಿಫ್ಟು ಬಿಟ್ಟು ಒಂದು ಗಂಟೆಯಾದರೂ ಒಂದು ಬಿಲ್ಲೆ ಮೊಳೆಯಲ್ಲೇ ಇತ್ತು. ಮೇಲಿನವರು, ‘ಮರೆತು ಹೋಗಿರ್ತಾನೆ, ಕಿಟಕಿ ಮುಚ್ಚು’ ಅಂದರು. ಮಾಮ ಮುಚ್ಚಲಿಲ್ಲ. ಜಗಳವಾಡಿ ನಾಲ್ಕು ಜನರನ್ನು ಮತ್ತೆ ಕೆಳಗಿಳಿಸಿದರು. ಅವರು ಹುಡುಕಿ ಹುಡುಕಿ ಸುಸ್ತಾಗಿ ಮೇಲೆ ಬರುವ ಹೊತ್ತಿಗೆ ಆ ಮಹಾನುಭಾವ ಉರಿಗಾಮಿನಲ್ಲಿ ಅತ್ತೆಮನೆಯ ಜಗುಲಿಯ ಮೇಲೆ ಕೂತು ಕೋಳಿಸಾರು ಉಣ್ಣುತ್ತಿದ್ದನಂತೆ! ಕೆಳಗೆ ಕೆಳಗೇ ನಡೆದು ಇನ್ನೊಂದು ಶಾಫ್ಟಿನಿಂದ ಹೊರಗೆ ಬಂದಿದ್ದ. ಮಾಮನನ್ನು ತಿಂಗಳುಗಟ್ಟಲೆ ರೇಗಿಸಿದರು.

‘ನಗ್ರಿ’ ಎನ್ನುತ್ತಿದ್ದರು ಅವರು. ‘ಬಿಲ್ಲೆ ಐತೆ ಅಂದ್ರೆ ಆಳು ಅವ್ನೆ. ಸಿಕ್ಕೋವರ್ಗೂ ಉಡುಕ್ಬೇಕು. ಕೋಳಿಸಾರು ಉಣ್ತಿದ್ರೂ ಸರಿ, ಸಿಕ್ಕಿದ್ನಾ ಇಲ್ವಾ?’

ಇದೇ ಅವರ ಬೈಬಲ್ ಪಾಠ. ಭಾನುವಾರ ಬೆಳಿಗ್ಗೆ ಚರ್ಚು ತಮಿಳಿನವರದು, ಮಧ್ಯಾಹ್ನ ನಮ್ಮದು. ನಮ್ಮ ಕನ್ನಡದ ಆರಾಧನೆ ಮುಗಿದ ಮೇಲೆ ಹಿಂದಿನ ಜಗುಲಿಯಲ್ಲಿ ಅವರ ಕ್ಲಾಸು. ಹಳೆಯ ಒಡಂಬಡಿಕೆಯ ಒಬ್ಬ ಮನುಷ್ಯ, ಒಂದು ವಸ್ತು, ಒಂದು ಘಟನೆ ಮುಂದೆ ಬರಲಿದ್ದ ಕ್ರಿಸ್ತನ ಗುರುತಾಗಿ ಮೊದಲೇ ಬಂದು ನಿಂತಿರುತ್ತದೆ ಎಂದು ಓದುವ ಕ್ರಮವೊಂದಿದೆ. ಪಂಡಿತರು ಅದನ್ನು ಮುನ್‌ರೂಪ ಅನ್ನುತ್ತಾರೆ, ಛಾಯೆ ಅನ್ನುತ್ತಾರೆ. ಮಾಮ ಬಿಲ್ಲೆ ಅಂದರು. ಬೈಬಲನ್ನು ಬಲಗೈಯಲ್ಲಿ ಹಿಡಿಯುತ್ತಿದ್ದರು. ಹೆಬ್ಬೆರಳು ಹಳೆಯ ಒಡಂಬಡಿಕೆಯ ಪುಟದಲ್ಲಿ, ಕಿರುಬೆರಳು ಹೊಸದರಲ್ಲಿ.

‘ಮೋಶೆ ಎತ್ತಿದ ಕಂಚಿನ ಆವು, ಬಿಲ್ಲೆ. ಪಸ್ಕ ಅಬ್ಬಕ್ಕೆ ಕುಯ್ದ ಕುರಿಮರಿ, ಬಿಲ್ಲೆ. ಯೋನ ಮೂರು ದಿನ ಮೀನಿನ ಒಟ್ಟೇಲಿದ್ದಿದ್ದು, ಬಿಲ್ಲೆ. ಇಲ್ಲಿ ಬಿಲ್ಲೆ ನೋಡ್ದ್ರಾ? ಅಲ್ಲಿ ಆಳು ಉಡುಕ್ರಿ. ಆಳು ಬಿಲ್ಲೆಗಿಂತ ದೊಡ್ಡೋನು, ನೆನಪಿರ್ಲಿ. ಸಣ್ಣೋನು ಸಿಕ್ಕಿದ್ರೆ ತಪ್ಪು ಆಳನ್ನ ಇಡ್ಕೊಂಡಿದ್ದೀರ ಅಂತ.’

ಹಾಗೆಂದು ಕಂಡಕಂಡಲ್ಲಿ ಗುರುತು ಹುಡುಕಿದರೆ ಅವರಿಗೆ ಆಗುತ್ತಿರಲಿಲ್ಲ. ಪವರ್ ಹೌಸಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ಸಂಖ್ಯೆಗಳ ಹುಚ್ಚು. ಒಂದು ದಿನ ಅವರು ಕೇಳಿದರು: ‘ಮಾಮ, ಶಿಷ್ಯರ ಬಲೆಗೆ ನೂರೈವತ್ಮೂರು ಮೀನು ಬಿತ್ತು ಅಂತ ಲೆಕ್ಕ ಕೊಟ್ಟವ್ರಲ್ಲ, ಅದೇನು?’

‘ಮೀನು ಕಣ್ಲಾ.’

‘ಅಲ್ಲ ಮಾಮ, ಅದ್ರ ಒಳಗಿರೋದು?’

‘ಒಳಗೆ ಮುಳ್ಳಿರ್ತದೆ. ನೋಡ್ಕೊಂಡು ತಿನ್ನು.’

ಪ್ರವಾದಿ ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದ ಕಥೆ ಬಂದಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. ಅವನನ್ನು ಮೇಲೆತ್ತಲು ಬಂದ ಅರಮನೆಯ ಕರಿಯ ಆಳೊಬ್ಬ ಹರಕು ಬಟ್ಟೆಗಳನ್ನು ಬಾವಿಗೆ ಇಳಿಬಿಟ್ಟು, ಇದನ್ನು ಕಂಕುಳಿಗೆ ಇಟ್ಟುಕೊಂಡು ಆಮೇಲೆ ಹಗ್ಗ ಕಟ್ಟಿಕೋ ಎಂದನಂತೆ. ನಾನು ಜಾಣತನ ತೋರಿಸಲು ಕೈಯೆತ್ತಿ, ‘ಆ ಬಟ್ಟೆ ಕೃಪೆಯ ಗುರುತಲ್ವಾ ಮಾಮ?’ ಅಂದೆ.

‘ಹಳೇ ಬಟ್ಟೆ ಕಣಮ್ಮ’ ಅಂದರು. ‘ಹಗ್ಗ ಕೊಯ್ಯಬಾರ್ದು ಅಂತ ಕೊಟ್ಟ. ಅಷ್ಟು ಯೋಚ್ನೆ ಮಾಡ್ದೋನನ್ನ ಗುರುತು ಗಿರುತು ಅಂತ ಮುಚ್ಚಾಕ್ಬೇಡ.’

ನಮ್ಮ ಲೈನಿನಲ್ಲಿ ಬಿ.ಎ. ಮಾಡಿದ ಮೊದಲ ಜೀವ ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾಚಿಕೊಂಡು ಹೇಳುವ ಅಭ್ಯಾಸ ನನಗಿಲ್ಲ. ಅಪ್ಪ ಕೆಳಗೆ ಕಲ್ಲು ತುಂಬುತ್ತಿದ್ದರು, ಅಮ್ಮ ಬಂಗಲೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಗೋಡೆಯಾಚೆ ಪಕ್ಕದ ಮನೆಯ ರೇಡಿಯೋ ಕೂಗುತ್ತಿತ್ತು, ನಾನು ಕಿವಿಗೆ ಹತ್ತಿ ತುರುಕಿಕೊಂಡು ಓದಿದೆ. ಪದವಿ ಪತ್ರ ಬಂದ ದಿನ ಅಪ್ಪ ಅದನ್ನು ಲೈನಿನ ಮನೆಮನೆಗೆ ತೋರಿಸಿ ಬಂದರು. ಮಾಮ ಕೈ ತೊಳೆದುಕೊಂಡು ಬಂದು, ಕಾಗದವನ್ನು ದೂರ ಹಿಡಿದು ಓದಿ, ವಾಪಸು ಕೊಟ್ಟು ಹೇಳಿದರು: ‘ಬಿಲ್ಲೆ ಚೆನ್ನಾಗೈತೆ ಕಣಮ್ಮ. ಇನ್ನು ಆಳು ಬರ್ಲಿ, ನೋಡಣ.’

ಒಂದು ವಾರ ಅವರ ಜೊತೆ ಮಾತಾಡಲಿಲ್ಲ ನಾನು.

ಅವತ್ತಿನಿಂದ ಲೈನಿನ ಅರ್ಜಿಗಳೆಲ್ಲ ನನ್ನ ಪಾಲಿಗೆ ಬಂದವು. ರೇಷನ್ ಕಾರ್ಡು, ಸೋರುವ ಸೂರು, ಬಾರದ ನಲ್ಲಿ ನೀರು. ‘ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದರೆ ನನ್ನ ಪೆನ್ನು ನಿಲ್ಲುತ್ತಿರಲಿಲ್ಲ. ಬೈಗುಳ ತಂದುಕೊಟ್ಟರೂ ವಿನಂತಿಯಾಗಿಸಿ ಕೊಡುತ್ತಿದ್ದೆ. ಆ ವಿದ್ಯೆಯೇ ಆಮೇಲೆ ಮಾಮನಿಗೆ ಮುಳುವಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಚರ್ಚಿನ ಕಮಿಟಿಯಲ್ಲಿ ಇದ್ದವರೆಲ್ಲ ಗುಮಾಸ್ತರು, ಸ್ಟೋರ್ ಕೀಪರುಗಳು, ಮೇಷ್ಟ್ರುಗಳು. ಲೈನಿನವರಿಗೂ ಒಂದು ಕುರ್ಚಿ ಬೇಕು ಎಂದು ಆ ವರ್ಷ ನಾವು ಕೇಳಿದ್ದೆವು. ಆ ಅರ್ಜಿಯೂ ನನ್ನದೇ. ಉತ್ತರ ಬರಲಿಲ್ಲ. ಉತ್ತರದ ಬದಲು ಹೊರಗಿನಿಂದ ಒಬ್ಬರು ಬೋಧಕರನ್ನು ಕರೆಸಿದರು. ಬಿಳಿಯ ಅಂಗಿ, ಇಸ್ತ್ರಿ ಮುರಿಯದ ಮಡಿಕೆ, ಒಳ್ಳೆಯ ಗಂಟಲು.

ಅವರು ಯೆಹೋಶುವನ ಕಾಲದ ಗಿಬ್ಯೋನ್ಯರ ಕಥೆ ಹೇಳಿದರು. ಗಿಬ್ಯೋನ್ಯರು ಸುಳ್ಳು ಹೇಳಿ ಇಸ್ರಾಯೇಲ್ಯರ ಜೊತೆ ಒಪ್ಪಂದ ಮಾಡಿಕೊಂಡವರು. ಗುಟ್ಟು ಬಯಲಾದ ಮೇಲೆ ಅವರನ್ನು ಕೊಲ್ಲಲಿಲ್ಲ. ದೇವರ ಮನೆಗೆ ಮರ ಕಡಿದು, ನೀರು ಹೊತ್ತು ಬದುಕಿ ಎಂದು ಬಿಟ್ಟರು. ಬೋಧಕರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದು ಮುಂದೆ ಆಗುವುದರ ಗುರುತು ಎಂದರು. ದೇವರ ಮನೆಗೆ ತಡವಾಗಿ ಬಂದ ಜನ ಎಲ್ಲ ಕಾಲದಲ್ಲೂ ಇದ್ದಾರೆ, ಮರ ಕಡಿಯುವುದೂ ನೀರು ಹೊರುವುದೂ ಅವರ ಪಾಲಿಗೆ ಬಂದ ಕೃಪೆ, ಅದಕ್ಕಿಂತ ಮುಂದಿನ ಜಾಗಕ್ಕೆ ಆಸೆಪಡುವುದು ಕೃಪೆಯನ್ನು ತಿರಸ್ಕರಿಸಿದಂತೆ ಎಂದರು. ಹೇಳುತ್ತಾ ಹೇಳುತ್ತಾ ಹಿಂದಿನ ಬೆಂಚುಗಳ ಕಡೆ ಕೈ ತೋರಿಸಿದರು. ಹಿಂದಿನ ಬೆಂಚುಗಳಲ್ಲಿ ಕೂತಿದ್ದವರು ನಾವು. ಅಪ್ಪ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ, ಬಿ.ಎ. ಸಮೇತ.

ಮಾಮ ಎದ್ದು ನಿಂತರು.

‘ಅಯ್ಯನೋರೇ, ಒಂದು ಮಾತು. ಬಿಲ್ಲೆ ಸರಿಯಾಗಿ ತೋರ್ಸಿದ್ರಿ. ಆಳನ್ನ ತಪ್ಪಾಗಿ ಇಡ್ಕೊಂಡ್ರಿ.’

ಬೋಧಕರ ಕಡೆಗೇ ತಿರುಗಿ ಮಾಮ ಮುಂದುವರಿಸಿದರು.

‘ನೀರು ಹೊತ್ತು ತಂದು ಶಿಷ್ಯರ ಕಾಲು ತೊಳೆದೋನು ಯಾರು? ಮರ ಎಗಲ ಮೇಲೆ ಒತ್ಕೊಂಡು ಗುಡ್ಡ ಅತ್ತಿದೋನು ಯಾರು? ನೀರು ಒರೋನ ಬಿಲ್ಲೆ, ಮರ ಒರೋನ ಬಿಲ್ಲೆ, ಎರಡೂ ಅಲ್ಲೋಗಿ ಸೇರ್ತವೆ. ನಮ್ ಲೈನಿಗೆ ಬರಲ್ಲ. ನಮ್ಮ ಕುತ್ಗೆಗೆ ಕಟ್ಬೇಡಿ. ಅದು ಅಷ್ಟು ದೊಡ್ಡ ಕೃಪೆ ಆದ್ರೆ ನಾಳೆಯಿಂದ ಕಮಿಟಿಯೋರು ನೀರು ಒರ್ಲಿ. ನಾವು ಸ್ವಲ್ಪ ದಿನ ಕುರ್ಚಿ ಮೇಲೆ ಕೂತಿರ್ತೀವಿ.’

ಹಿಂದಿನ ಬೆಂಚಿನಲ್ಲಿ ಯಾರೋ ಪಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ತಲೆಯೆತ್ತಿದೆ. ಇವತ್ತಿಗೂ, ಬೈಬಲಿನ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನು ಓದಿದ ಮೇಲೂ, ಅದಕ್ಕಿಂತ ಸರಿಯಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಗುರುತು ಕ್ರಿಸ್ತನ ಕಡೆ ಬೆರಳು ತೋರಿಸಬೇಕು. ಯಾವ ಗುರುತು ಒಬ್ಬ ಬಡವನ ಕಡೆ ಬೆರಳು ತೋರಿಸಿ ‘ನೀನು ಅಲ್ಲೇ ಇರು’ ಎನ್ನುತ್ತದೋ ಆ ಗುರುತನ್ನು ತೋರಿಸಿದವನು ಸುಳ್ಳುಗಾರ.

ಬುಧವಾರ ಕಮಿಟಿಯ ಕಾಗದ ಬಂತು. ಆರಾಧನೆಯ ನಡುವೆ ಎದ್ದು ಅತಿಥಿಗಳನ್ನು ಅವಮಾನಿಸಿದ್ದಕ್ಕೆ ಲಿಖಿತವಾಗಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಭಾನುವಾರದಿಂದ ಕ್ಲಾಸು ಬಂದ್. ಅವರಿಗೆ ಆ ಕ್ಲಾಸೇ ಜೀವ. ಮಕ್ಕಳಿಲ್ಲದ ಮನೆ, ಗಣಿಯಲ್ಲಿ ಬಿಲ್ಲೆ ಎಣಿಸುವ ಕೆಲಸ. ವಾರಕ್ಕೊಂದು ಮಧ್ಯಾಹ್ನ ಮಾತ್ರ ಅವರು ಮೇಷ್ಟ್ರು.

ಅವರು ನಮ್ಮ ಮನೆಗೆ ಬಂದರು. ‘ಬರಿಯಮ್ಮ’ ಅಂದರು. ‘ಮಧ್ಯದಲ್ಲಿ ಎದ್ದಿದ್ದು ತಪ್ಪು ಅಂದ್ರೆ ತಪ್ಪು, ಒಪ್ಕೊಂತೀನಿ. ಆಡಿದ ಮಾತು ತಪ್ಪಲ್ಲ. ಎರಡನ್ನೂ ಬರಿ. ಎರಡನೇದು ಬಿಡ್ಬೇಡ.’

ನಾನು ಎರಡನೆಯದನ್ನು ಬಿಟ್ಟೆ.

ಕ್ಲಾಸು ಉಳಿಯಲಿ ಎಂದು ಬಿಟ್ಟೆ. ಕಮಿಟಿಯವರನ್ನು ಹೇಗೆ ಒಲಿಸಬೇಕೆಂದು ಮಾಮನಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ‘ಅಲ್ಪಮತಿಯಾದ ನಾನು ಅಜ್ಞಾನದಿಂದ ಆಡಿದ ಮಾತುಗಳಿಗೆ ತುಂಬು ಹೃದಯದಿಂದ ವಿಷಾದಿಸುತ್ತಾ, ತಮ್ಮ ಪಾದಗಳಲ್ಲಿ ಕ್ಷಮೆ ಯಾಚಿಸುತ್ತೇನೆ.’ ಎಷ್ಟು ಚಂದದ ವಾಕ್ಯ! ಬರೆದು ಮುಗಿಸಿದಾಗ ನನಗೆ ನನ್ನ ಮೇಲೆ ಹೆಮ್ಮೆಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ‘ಓದ್ಕೊಳ್ಳಿ ಮಾಮ’ ಎಂದು ಕೊಟ್ಟೆ. ಅಂಗಡಿಯ ಪೊಟ್ಟಣದ ಕಾಗದವನ್ನೂ ಬಿಡದೆ ಓದುವ ಮನುಷ್ಯ ಅವತ್ತು ಓದಲಿಲ್ಲ.

‘ನೀನು ಬರ್ದಿದ್ದು ನಾನೇನು ಓದೋದು ಮಗಾ’ ಎಂದು, ಮೂರು ಬೆರಳಿನಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದರು.

ಭಾನುವಾರ ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಅದನ್ನು ಎಲ್ಲರ ಮುಂದೆ ಓದಿದರು. ಅಜ್ಞಾನದಿಂದ ಎಂಬಲ್ಲಿ ಕಮಿಟಿಯ ಕಾರ್ಯದರ್ಶಿ ತಲೆಯಾಡಿಸಿದರು. ಪಾದಗಳಲ್ಲಿ ಎಂಬಲ್ಲಿ ನನ್ನ ಅಪ್ಪ ನನ್ನ ಕಡೆ ತಿರುಗಿದರು. ಮಾಮ ನನ್ನನ್ನು ಒಂದೇ ಸಲ ನೋಡಿ ಎದ್ದು ನಿಂತರು. ಎರಡನೆಯ ಸಲ.

‘ರುಜು ನಂದು’ ಅಂದರು. ‘ಮಾತು ನಂದಲ್ಲ.’

‘ಹಾಗಾದ್ರೆ ಬರೆದೋರು ಯಾರು?’ ಕಾರ್ಯದರ್ಶಿ ಕೇಳಿದರು.

‘ಅದು ಬ್ಯಾಡ. ಓದ್ದೆ ರುಜು ಹಾಕಿದ್ದು ನನ್ನ ತಪ್ಪು. ಅದೊಂದಕ್ಕೆ ಬೇಕಾದ್ರೆ ಕ್ಷಮೆ ಕೇಳ್ತೀನಿ. ಗಿಬ್ಯೋನ್ಯರ ವಿಷಯಕ್ಕೆ ಕೇಳಲ್ಲ.’

ಅವತ್ತೇ ಕ್ಲಾಸು ಮುಚ್ಚಿತು. ನಾನು ಏಳಲಿಲ್ಲ. ಬಂಗಾರಪೇಟೆಯ ಒಂದು ಶಾಲೆಯಲ್ಲಿ ನನಗೆ ಮೇಡಂ ಕೆಲಸ ಆಗುವುದಿತ್ತು, ಅದೇ ವಾರ ಸಭಾಪಾಲಕರಿಂದ ನಡತೆ ಪತ್ರ ತರಬೇಕಿತ್ತು. ಅದು ಮಾಮನಿಗೂ ಗೊತ್ತಿತ್ತು. ಹಗ್ಗ ಕೊಯ್ಯದ ಹಾಗೆ ಅವರು ನನಗೆ ಹಳೆಯ ಬಟ್ಟೆ ಇಳಿಬಿಟ್ಟರು. ನಾನು ಅದನ್ನು ಕಂಕುಳಿಗಿಟ್ಟುಕೊಂಡು ಮೇಲೆ ಬಂದೆ.

ಹೊರಗೆ ನಲ್ಲಿಯ ಹತ್ತಿರ ಅವರನ್ನು ತಡೆದು ನಿಲ್ಲಿಸಿದೆ. ನನಗೆ ಅಳು. ಅವರು ಬೈದಿದ್ದರೆ ಚೆನ್ನಾಗಿತ್ತು. ‘ಬಿಲ್ಲೆ ತೂಗಾಕ್ಬುಟ್ಟೆ ಕಣಮ್ಮ. ಆಳೆಲ್ಲಿ?’ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಕ್ಲಾಸು ಮುಚ್ಚಿತು ಎಂದೆನಲ್ಲ, ಕಮಿಟಿಯವರೂ ಹಾಗೇ ಅಂದುಕೊಂಡರು. ನನಗೆ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲು. ಎರಡು ವರ್ಷದ ಮೇಲೆ ಮಾಮ ರಿಟೈರಾದರು. ಆದ ಮಾರನೆಯ ದಿನವೇ ಬೈಬಲು ಕಂಕುಳಲ್ಲಿಟ್ಟುಕೊಂಡು ನನ್ನ ಡಬ್ಬಿಗೇ ಹತ್ತಿ ಎದುರು ಕೂತರು. ಬಂಗಾರಪೇಟೆಯಲ್ಲಿ ಏನು ಕೆಲಸ ಎಂದು ಕೇಳಿದೆ.

‘ಏನೂ ಇಲ್ಲ. ಓಗದು, ಒಂದು ಟೀ ಕುಡಿಯದು, ವಾಪಸ್ ಬರದು. ಈ ಡಬ್ಬಿಗೆ ಕಮಿಟಿ ಇಲ್ವಲ್ಲ. ತೆಗಿ, ಅರಣ್ಯಕಾಂಡ ಇಪ್ಪತ್ತೊಂದು.’

ಬೈಬಲಿನಲ್ಲೂ ಒಂದು ಅರಣ್ಯಕಾಂಡವಿದೆ, ಕಂಚಿನ ಹಾವಿನ ಕಥೆ ಬರುವುದು ಅಲ್ಲೇ. ಹೀಗೆ ರೈಲಿನಲ್ಲಿ ಕ್ಲಾಸು ಶುರುವಾಯಿತು. ನಾನು ಓದುವುದು, ಅವರು ಹೇಳುವುದು. ಲೈನಿನವರು ಕೆಲವರು ಬಂದು ಸೇರಿದರು. ಬಂಗಾರಪೇಟೆಯ ಕಡೆಯ ಹಳ್ಳಿಗಳಿಂದ ಬೆಳಗಾಗುವ ಮೊದಲೇ ಬಂದು ಹಾಲು ಹಾಕಿ, ಖಾಲಿ ಕ್ಯಾನುಗಳೊಂದಿಗೆ ಊರಿಗೆ ಮರಳುವ ಹೆಂಗಸರೂ ಅದೇ ಡಬ್ಬಿ. ಅವರಲ್ಲಿ ಒಬ್ಬ ಅಮ್ಮ, ಒಕ್ಕಲು ಮನೆಯವರು, ಬಾಯಿ ಜೋರು. ಕಂಚಿನ ಹಾವಿನ ಕಥೆ ಕೇಳಿ ಕ್ಯಾನಿನ ಮೇಲೆ ಮೊಣಕೈ ಊರಿ ಮುಂದೆ ಬಗ್ಗಿದರು.

‘ಅಲ್ಲ ತಾತ, ನಿಮ್ಮೋರು ಆವು ಎತ್ತಿ ಕಟ್ಟಿದ್ರು. ನಾವೂ ನಾಗರಕಲ್ಲಿಗೆ ಹಾಲು ಉಯ್ತೀವಿ. ಎರಡೂ ಒಂದೇ ಅಲ್ವಾ?’

‘ನಿಮ್ಮದು ನಿಮಗೆ ಗೊತ್ತಮ್ಮ, ನಾನೇಳಕ್ಕಾಗಲ್ಲ. ನಮ್ಮದು ಏಳ್ತೀನಿ ಕೇಳಿ. ಆವು ಕಚ್ಚಿದೋರು ಅದನ್ನ ನೋಡಿ ವಾಸಿಯಾದ್ರು. ಅಲ್ಲಿಗೆ ಅದರ ಕೆಲ್ಸ ಮುಗೀತು. ಜನ ಬಿಡ್ಲಿಲ್ಲ, ಅದಕ್ಕೇ ಧೂಪ ಹಾಕಕ್ಕಿಡ್ಕೊಂಡ್ರು. ಆಮೇಲೆ ಒಬ್ಬ ರಾಜ ಬಂದು ಅದನ್ನ ಒಡೆದಾಕ್ದ. ಬಿಲ್ಲೆಗೆ ಅಡ್ಡಬೀಳ್ಬಾರ್ದು ಅಂತ.’

‘ಅಂಗಾದ್ರೆ ನಿಮ್ ಚರ್ಚ್ ಒಳಗೆ ಹಿತ್ತಾಳೆ ಶಿಲುಬೆ ತಿಕ್ಕಿ ತಿಕ್ಕಿ ಇಟ್ಟವ್ರಲ್ಲ, ಅದು?’

ಡಬ್ಬಿಯೆಲ್ಲ ಗೊಳ್ಳೆಂದಿತು. ಮಾಮ ಎಲ್ಲರಿಗಿಂತ ಜೋರಾಗಿ ನಕ್ಕರು. ‘ಈಯಮ್ಮನ್ನ ನಮ್ ಕಮಿಟಿಗೆ ಹಾಕ್ಬೇಕಿತ್ತು!’

ಆ ರೈಲಿನ ವರ್ಷಗಳಲ್ಲಿ ಎಷ್ಟೋ ಸಲ ಹೇಳಿದೆ, ‘ಮಾಮ, ಕಮಿಟಿಗೆ ಹೋಗಿ ನಾನೇ ಬರೆದಿದ್ದು ಅಂತ ಹೇಳಿಬಿಡ್ತೀನಿ.’ ಕಿಟಕಿಯಾಚೆ ನೋಡುತ್ತಾ, ‘ಏಳೋಳು ನನ್ನನ್ನ ಕೇಳ್ತಾಳಾ?’ ಅನ್ನುತ್ತಿದ್ದರು. ಸರಿಯಾದ ಮಾತು. ಹೇಳಬೇಕೆಂದಿದ್ದರೆ ಕೇಳುತ್ತಿರಲಿಲ್ಲ. ಕೆಲಸ ಖಾಯಂ ಆಯಿತು, ಮದುವೆಯಾಯಿತು, ನಡತೆ ಪತ್ರದ ಅವಶ್ಯಕತೆ ಮುಗಿದು ಎಷ್ಟೋ ಕಾಲವಾಯಿತು. ನಾನು ಹೇಳಲಿಲ್ಲ.

ಅವರು ಹೋದದ್ದು ಹೋದ ತಿಂಗಳು. ಗಣಿ ಇವತ್ತು ಮುಚ್ಚುತ್ತದೆ ನಾಳೆ ಮುಚ್ಚುತ್ತದೆ ಎಂಬ ಮಾತಿನ ನಡುವೆ, ಹೆಚ್ಚು ದಿನ ಮಲಗದೆ ಹೋದರು. ಚರ್ಚಿಗೆ ಪೆಟ್ಟಿಗೆ ತಂದರು. ಹಾಲಿನ ಅಮ್ಮ ಬಂಗಾರಪೇಟೆಯಿಂದ ಬಂದು ಬಾಗಿಲ ಹತ್ತಿರ ನಿಂತಿದ್ದರು. ಸಭಾಪಾಲಕರು ಈಗ ಹೊಸಬರು, ಎಳೆಯ ವಯಸ್ಸು, ಒಳ್ಳೆಯ ಮನಸ್ಸು. ಕಾರ್ಯದರ್ಶಿ ಮಾತ್ರ ಹಳಬರೇ. ಸತ್ತವರ ಜೀವನದ ವಿವರವನ್ನು ಓದುವುದು ನಮ್ಮಲ್ಲಿ ವಾಡಿಕೆ; ಅದನ್ನು ಬರೆದುಕೊಟ್ಟವರು ಕಾರ್ಯದರ್ಶಿ. ಸಭಾಪಾಲಕರು ಓದಿದರು: ಇಂಥ ಕಡೆ ಹುಟ್ಟಿ, ಇಂಥ ಕಡೆ ದುಡಿದು, ಕೆಲಕಾಲ ಅಜ್ಞಾನದಿಂದ ಸಭೆಯ ಮನಸ್ಸು ನೋಯಿಸಿದರೂ, ತುಂಬು ಹೃದಯದಿಂದ ವಿಷಾದಿಸಿ ಬರೆದುಕೊಟ್ಟು...

ತುಂಬು ಹೃದಯದಿಂದ! ನನ್ನ ಪದಗಳು. ಅವರ ಪೆಟ್ಟಿಗೆಯ ಮೇಲೆ ನನ್ನ ಪದಗಳು.

ನಾನು ಎದ್ದು ನಿಂತೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

‘ರುಜು ಅವರದು’ ಅಂದೆ. ‘ಮಾತು ನನ್ನದು. ಅವರು ಹೇಳಿದ್ದನ್ನು ನಾನು ಬರೆಯಲಿಲ್ಲ, ಬರೆದದ್ದನ್ನು ಅವರು ಹೇಳಲಿಲ್ಲ. ಅವರು ಕ್ಷಮೆ ಕೇಳಿಲ್ಲ. ಕೇಳುವಂಥದ್ದೇನನ್ನೂ ಮಾಡಿಲ್ಲ. ಆ ಸಾಲು ತೆಗೆದುಹಾಕಿ, ಆಮೇಲೆ ಮುಂದಕ್ಕೆ ಓದಿ.’

ಕಾರ್ಯದರ್ಶಿ ಏಳಲು ಹೋಗಿ ಅರ್ಧಕ್ಕೇ ನಿಂತರು. ಎಳೆಯ ಸಭಾಪಾಲಕರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿನಿಂದ ಪೆನ್ನು ತೆಗೆದು ಒಂದು ಗೀಟು ಎಳೆದರು.

ಪೆಟ್ಟಿಗೆಯ ಪಕ್ಕ ಮಾಮನ ಹೆಂಡತಿ ಕೂತಿದ್ದರು. ಅತ್ತೆ ಹುಟ್ಟಿ ಬೆಳೆದದ್ದು ಕಲ್ಲು ಕುಟ್ಟುವ ಮಿಲ್ಲಿನ ಪಕ್ಕದ ಲೈನಿನಲ್ಲಿ. ಕಿವಿ ಎಂದೋ ಹೋಗಿತ್ತು. ಎಲ್ಲರೂ ನನ್ನತ್ತ ತಿರುಗಿದ್ದನ್ನು ಕಂಡು ಪಕ್ಕದವಳ ಸೆರಗು ಜಗ್ಗಿದರು.

‘ಏನಂತೆ? ಏನಂದ್ಳು ಇವ್ಳು?’

ಪಕ್ಕದವಳು ಅವರ ಕಿವಿಗೆ ಬಾಯಿಟ್ಟು ಕೂಗಿದಳು. ಇಡೀ ಚರ್ಚಿಗೆ ಕೇಳಿಸಿತು. ‘ನಿಮ್ಮಾಯಪ್ಪ ತಪ್ಪು ಮಾಡಿಲ್ವಂತೆ ಅತ್ತೇ!’

ಅತ್ತೆ ನನ್ನನ್ನು ನೋಡಿದರು.

‘ಅದು ನಂಗೆ ಅವತ್ತೇ ಗೊತ್ತು’ ಅಂದರು. ‘ಇವ್ಳಿಗೆ ಈಗ ಗೊತ್ತಾಯ್ತಂತಾ, ಕೇಳು.’